ಹೋದ ಎಚ್ಚರಕ್ಕೆ ಸಾಕ್ಷಿ ಯಾರು?

ಗಾಢನಿದ್ರೆಯಿಂದ ಎದ್ದವನು ತಾನು ಸುಖವಾಗಿ ಮಲಗಿದ್ದೆನೆಂದೂ ಏನೂ ತಿಳಿಯಲಿಲ್ಲವೆಂದೂ ಹೇಳುತ್ತಾನೆ. ಏನೂ ತಿಳಿಯಲಿಲ್ಲವೆಂಬುದಾದರೂ ಅವನಿಗೆ ತಿಳಿದದ್ದು ಹೇಗೆ? ಒಳಗೊಂದು ಸಾಕ್ಷಿ ಎಚ್ಚತ್ತಿದ್ದಿರಬೇಕೆಂಬುದು ನಮ್ಮ ವೇದಾಂತಿಗಳ ವಾದ. ಆತ್ಮವಿಚಾರದಲ್ಲಿ ಅದು ನಿಲ್ಲಲಿ. ಲೋಕವ್ಯವಹಾರದಲ್ಲಿ ನಮ್ಮ ಎಚ್ಚರಕ್ಕೆ ನಾವೇ ಸಾಕ್ಷಿಯಾಗಬಲ್ಲೆವೆ? ಯುದ್ಧವಿಮಾನ ನಡೆಸುವವರ ಸಂಗತಿಯನ್ನು ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ವೇಗದಲ್ಲಿರುವ ವಿಮಾನವನ್ನು ಬಿರುಸಾಗಿ ತಿರುಗಿಸಿದಾಗ ಚಾಲಕನ ಮೈಭಾರ ನಾಲ್ಕೈದು ಪಟ್ಟು, ಕೆಲವೊಮ್ಮೆ ಒಂಬತ್ತು ಪಟ್ಟು ಆದಂತಾಗುತ್ತದೆ. ರಕ್ತಕ್ಕೂ ಆ ಭಾರವೇ. ಅದು ಕಾಲಿನ ಕಡೆಗೆ ಇಳಿಯುತ್ತದೆ. ತಲೆಗೆ ಏರಿಸಲು ಹೃದಯದ ಶಕ್ತಿ ಸಾಲದಾಗುತ್ತದೆ. ಮೊದಲು ಸೋಲುವುದು ಕಣ್ಣು. ಕಣ್ಣುಗುಡ್ಡೆಯೊಳಗೆ ತನ್ನದೇ ಒಂದು ಒತ್ತಡವಿರುವುದರಿಂದ ಅಲ್ಲಿಗೆ ರಕ್ತ ಹೋಗುವುದು ಬೇಗ ನಿಲ್ಲುತ್ತದೆ. ಬಣ್ಣಗಳು ಮಾಸುತ್ತವೆ, ಕೊಳವೆಯೊಳಗಿಂದ ನೋಡಿದಂತೆ ನೋಟ ಕಿರಿದಾಗುತ್ತದೆ, ಕೊನೆಗೆ ಕತ್ತಲೆ. ಆಗಲೂ ಕಿವಿ ಕೇಳುತ್ತಿರುತ್ತದೆ, ಬುದ್ಧಿ ಇರುತ್ತದೆ. ಕಣ್ಣಿನ ಈ ಸೋಲು ಒಂದು ಉಪಕಾರವೇ ಸರಿ: ತಿರುವನ್ನು ಸಡಿಲಿಸಲು ಅದು ಎಚ್ಚರಿಕೆ.

ಆದರೆ ಭಾರ ಒಮ್ಮೆಲೇ ಏರಿದರೆ ಈ ಎಚ್ಚರಿಕೆಯೂ ಇಲ್ಲ. ಮಿದುಳಿನಲ್ಲಿ ಉಳಿದಿರುವ ಆಮ್ಲಜನಕ ಕೆಲವೇ ಸೆಕೆಂಡುಗಳಿಗೆ ಸಾಕು. ಅನಂತರ ಪ್ರಜ್ಞೆ ತಪ್ಪುತ್ತದೆ. ಹತ್ತು ಹನ್ನೆರಡು ಸೆಕೆಂಡು ವಿಮಾನಕ್ಕೆ ಒಡೆಯನಿಲ್ಲ. ಕಣ್ಣು ತೆರೆದ ಮೇಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ತಾನೆಲ್ಲಿದ್ದೇನೆಂಬುದು ಅವನಿಗೆ ಹೊಳೆಯದು.

ಇದನ್ನು ಪರೀಕ್ಷಿಸಲು, ಉದ್ದನೆಯ ತೋಳಿನ ತುದಿಯ ಗೂಡಿನಲ್ಲಿ ಮನುಷ್ಯನನ್ನು ಕೂರಿಸಿ ಗಿರ್ರನೆ ತಿರುಗಿಸುವ ಯಂತ್ರಗಳಿವೆ. ನಮ್ಮ ಬೆಂಗಳೂರಿನಲ್ಲಿಯೂ, 1957ರಲ್ಲಿ ಆರಂಭವಾದ ವಾಯುಪಡೆಯ ವೈದ್ಯಕೀಯ ಸಂಸ್ಥೆಯಲ್ಲಿ, ಅಂಥದೊಂದಿದೆ. ಇಂಥ ಪರೀಕ್ಷೆಗಳಲ್ಲಿ ಕಂಡ ವಿಚಿತ್ರವೊಂದುಂಟು. ಪ್ರಜ್ಞೆ ತಪ್ಪಿದವರಲ್ಲಿ ಅನೇಕರು ತಮಗೇನೂ ಆಗಲೇ ಇಲ್ಲವೆನ್ನುತ್ತಾರೆ. ತಲೆ ಜೋತುಬಿದ್ದ ತಮ್ಮ ಚಿತ್ರವನ್ನು ಕಂಡ ಮೇಲಷ್ಟೇ ಒಪ್ಪುತ್ತಾರೆ.

ನಿದ್ರಿಸಿದವನು ತನಗೇನೂ ತಿಳಿಯಲಿಲ್ಲವೆಂದಾದರೂ ಹೇಳುತ್ತಾನೆ. ಇವನು ಎಚ್ಚರವಿದ್ದೆನೆಂದೇ ಸಾಧಿಸುತ್ತಾನೆ. ಸುಳ್ಳುಗಾರನಿಗೆ ನಿಜ ಗೊತ್ತಿರುತ್ತದೆ. ಇವನಿಗೆ ಅದೂ ಇಲ್ಲ. ಹಾಗಾದರೆ ಪ್ರಾಮಾಣಿಕತೆಯೊಂದೇ ಮನುಷ್ಯನನ್ನು ಕಾಯಲಾರದು.

ಎಚ್ಚರ ತಪ್ಪಿದವನಿಗೆ ಆ ಕ್ಷಣದಲ್ಲಿ ಕರ್ತವ್ಯವಿಲ್ಲ, ನಿಜ. ಅವನ ಕರ್ತವ್ಯವೆಲ್ಲ ಅದಕ್ಕೆ ಮೊದಲೇ ಇದೆ. 2016ರಲ್ಲಿ ಅಮೆರಿಕದಲ್ಲಿ ಎಫ್-16 ವಿಮಾನ ನಡೆಸುತ್ತಿದ್ದ ತರಬೇತಿಯ ಚಾಲಕನೊಬ್ಬ ಎಂಟು ಪಟ್ಟಿಗೂ ಮೀರಿದ ಭಾರದಲ್ಲಿ ಪ್ರಜ್ಞೆ ತಪ್ಪಿದ. ವಿಮಾನ ಮೂಗಿಳಿಸಿ ನೆಲದತ್ತ ಧಾವಿಸಿತು. ಶಿಕ್ಷಕನು ರೇಡಿಯೋದಲ್ಲಿ ಕೂಗಿದರೂ ಕೇಳುವವನಿರಲಿಲ್ಲ. ವಿಮಾನದಲ್ಲಿದ್ದ ಸ್ವಯಂಚಾಲಿತ ವ್ಯವಸ್ಥೆಯೇ ಅದನ್ನು ಮೇಲಕ್ಕೆತ್ತಿ ಆತನನ್ನು ಉಳಿಸಿತು.

ಯಂತ್ರಕ್ಕೆ ಚುಕ್ಕಾಣಿ ಕೊಡುವುದು ಮನುಷ್ಯನಿಗೆ ಕುಂದಲ್ಲವೇ ಎಂದು ಕೇಳುವವರುಂಟು. ಆಕ್ಷೇಪ ಹಗುರವಾದುದಲ್ಲ, ಕಾವಲುಗಾರನೇ ಯಜಮಾನನಾದ ಕಥೆಗಳು ನಮಗೆ ಹೊಸವಲ್ಲ. ಆದರೆ ಈ ವ್ಯವಸ್ಥೆ ನೆಲ ತೀರ ಹತ್ತಿರವಾದಾಗ ಮಾತ್ರ ಕೈಹಾಕುತ್ತದೆ. ಎಚ್ಚರವಿದ್ದ ಚಾಲಕ ಅದನ್ನು ಮೀರಬಲ್ಲ. ಅಪಾಯ ಕಳೆದೊಡನೆ ಅದು ಹಿಂದೆ ಸರಿಯುತ್ತದೆ. ಇಂಥ ಮಿತಿಯಲ್ಲಿ, ಬುದ್ಧಿ ತಿಳಿಯಾಗಿರುವಾಗಲೇ ಇನ್ನೊಂದು ಕೈಗೆ ಒಪ್ಪಿಗೆ ಕೊಟ್ಟಿರುವುದು ಸ್ವಾತಂತ್ರ್ಯದ ತ್ಯಾಗವಲ್ಲ, ಅದರ ವಿವೇಕ.

ಅಧಿಕಾರವೂ ಕೋಪವೂ ಒಮ್ಮೆಲೇ ತಲೆಗೇರುವಂಥವು. ಅಲ್ಲಿಯೂ ನಾವು ಎಚ್ಚರವಾಗಿಯೇ ಇದ್ದೆವೆಂದು ಆಣೆಯಿಟ್ಟು ಹೇಳುತ್ತೇವೆ. ನಮ್ಮನ್ನು ತಡೆಯುವ ಹಕ್ಕನ್ನು ಯಾರಿಗಾದರೂ ಮೊದಲೇ ಕೊಟ್ಟಿದ್ದೇವೆಯೆ?