ವಿದ್ಯಾರ್ಥಿ ಸೋದರ ಸಂಘಗಳೂ ಗುಪ್ತ ಪ್ರತಿಜ್ಞೆಯೂ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಅಲ್ಲಿಯ ಕಾಲೇಜುಗಳನ್ನು ಸೇರಿದ ಕೆಲವೇ ವಾರಗಳಲ್ಲಿ ಒಂದು ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. 'ಫ್ರೆಟರ್ನಿಟಿ' ಎಂಬ ಹುಡುಗರ ಸಂಘವನ್ನಾಗಲಿ, 'ಸೊರಾರಿಟಿ' ಎಂಬ ಹುಡುಗಿಯರ ಸಂಘವನ್ನಾಗಲಿ ಸೇರಬೇಕೇ ಬೇಡವೇ ಎಂಬುದೇ ಆ ಪ್ರಶ್ನೆ. ಮಕ್ಕಳು ತಂದೆತಾಯಿಗಳನ್ನು ಕೇಳುತ್ತಾರೆ. ತಂದೆತಾಯಿಗಳು ಊರಿನ ಹಿರಿಯರನ್ನು ಕೇಳುವುದೂ ಉಂಟು. ಊರಿನವರಿಗೆ ಇದು ನಮ್ಮ ಸಮಾಜದ ಬೋರ್ಡಿಂಗಿನಂತಹ ಒಂದು ವಿದ್ಯಾರ್ಥಿನಿಲಯವೆಂದು ತೋರುತ್ತದೆ. 'ನಾಲ್ಕು ಜನರ ಜೊತೆಯಲ್ಲಿರುವುದು ಒಳ್ಳೆಯದೇ' ಎಂದು ಒಪ್ಪಿಗೆ ಕೊಟ್ಟುಬಿಡುತ್ತಾರೆ. ವಿಷಯವು ಅಷ್ಟು ಸರಳವಾಗಿಲ್ಲವಾದಕಾರಣ ಅದನ್ನು ಸ್ವಲ್ಪ ವಿವರವಾಗಿಯೇ ವಿಚಾರ ಮಾಡಬೇಕಾಗಿದೆ.

ಹೆಸರುಗಳು ನಮಗೆ ಪರಕೀಯವೇನೂ ಅಲ್ಲ. ಲ್ಯಾಟಿನ್ ಭಾಷೆಯ 'ಫ್ರಾತೆರ್' ಎಂಬುದು ಸಂಸ್ಕೃತದ 'ಭ್ರಾತೃ' ಶಬ್ದದ ದಾಯಾದಿ. 'ಸೊರೊರ್' ಎಂಬುದು 'ಸ್ವಸೃ' ಶಬ್ದದ ದಾಯಾದಿ. ಅಣ್ಣತಮ್ಮಂದಿರ ಕೂಟ, ಅಕ್ಕತಂಗಿಯರ ಕೂಟ ಎಂದೇ ಅರ್ಥ. ಈ ಸಂಘಗಳಿಗೆ ಗ್ರೀಕ್ ವರ್ಣಮಾಲೆಯ ಎರಡು ಮೂರು ಅಕ್ಷರಗಳ ಹೆಸರಿರುತ್ತದೆ. ಒಂದೊಂದು ಸಂಘಕ್ಕೂ ಹಲವು ಕಾಲೇಜುಗಳಲ್ಲಿ ಶಾಖೆಗಳಿರುತ್ತವೆ; ಅನೇಕ ಶಾಖೆಗಳಿಗೆ ಸ್ವಂತ ಮನೆಯೂ ಉಂಟು. ಬೋರ್ಡಿಂಗಿಗೂ ಇದಕ್ಕೂ ಇರುವ ಅಂತರವು ಪ್ರವೇಶದ ಕ್ರಮದಲ್ಲಿದೆ. ಬೋರ್ಡಿಂಗಿನಲ್ಲಿ ಅಂಕಪಟ್ಟಿಯನ್ನೂ ಮನೆಯ ಸ್ಥಿತಿಗತಿಯನ್ನೂ ನೋಡಿ ಕೋಣೆ ಕೊಡುತ್ತಾರೆ. ಇಲ್ಲಿಯಾದರೋ 'ರಷ್' ಎಂಬ ಕೆಲವು ದಿನಗಳ ಭೇಟಿ, ಔತಣ, ಮಾತುಕತೆಗಳಲ್ಲಿ ಹಳೆಯ ಸದಸ್ಯರು ಹೊಸಬರನ್ನು ತೂಗಿ ನೋಡುತ್ತಾರೆ. ಮೆಚ್ಚಿದವರಿಗೆ ಆಹ್ವಾನ ಬರುತ್ತದೆ. ಒಪ್ಪಿಕೊಂಡವನು ಕೆಲವು ವಾರಗಳ ಕಾಲ 'ಪ್ಲೆಜ್' ಎಂದು ಕರೆಯಿಸಿಕೊಂಡು ಉಮೇದುವಾರನಾಗಿರುತ್ತಾನೆ. ಆಮೇಲೆ ಹೊರಗಿನವರಿಗೆ ತಿಳಿಸಬಾರದಂತಹ ಒಂದು ವಿಧಿಯಲ್ಲಿ ಪ್ರತಿಜ್ಞೆ ಮಾಡಿಸಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಳ್ಳುತ್ತಾರೆ. ಶುಲ್ಕವಂತೂ ಇದ್ದೇ ಇದೆ.

ಈ ಪದ್ಧತಿಯು ಆ ದೇಶದಷ್ಟೇ ಹಳೆಯದು. 1776ರ ಡಿಸೆಂಬರಿನಲ್ಲಿ ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಎಂಬ ಸಂಘವು ಹುಟ್ಟಿತು. 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಸಂಘವು ಪ್ರಾರಂಭವಾದಾಗಿನಿಂದ ಈಗಿನ ಸ್ವರೂಪವು ಬೆಳೆಯುತ್ತ ಬಂದಿತು. ಕೆಲವು ಸಂಘಗಳ ಹುಟ್ಟಿನಲ್ಲಿ ನಿಜವಾದ ನೋವಿದೆ. ಗಂಡುಮಕ್ಕಳ ಕಾಲೇಜುಗಳಲ್ಲಿ ಬೆರಳೆಣಿಕೆಯ ಹೆಣ್ಣುಮಕ್ಕಳು ಓದುತ್ತಿದ್ದ ಕಾಲದಲ್ಲಿ, 1870ರಲ್ಲಿ, ಇಂಡಿಯಾನಾ ರಾಜ್ಯದಲ್ಲಿ ಕಪ್ಪಾ ಆಲ್ಫಾ ಥೀಟಾ ಎಂಬ ಸ್ತ್ರೀಯರ ಸಂಘವು ಹುಟ್ಟಿತು. ಬಿಳಿಯರ ನಡುವೆ ಒಂಟಿಯಾಗಿದ್ದ ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಫೈ ಆಲ್ಫಾ ಸಂಘವನ್ನು ಕಟ್ಟಿದರು. ಮಾರ್ಟಿನ್ ಲೂಥರ್ ಕಿಂಗ್ ಇದರ ಸದಸ್ಯರಾಗಿದ್ದರು. 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯರು ಸ್ಥಾಪಿಸಿದ ಆಲ್ಫಾ ಕಪ್ಪಾ ಆಲ್ಫಾ ಸಂಘದ ಸದಸ್ಯೆ ಕಮಲಾ ಹ್ಯಾರಿಸ್. ನಮ್ಮ ಉಪಖಂಡದ ಮಕ್ಕಳೂ ಹಿಂದೆ ಬೀಳಲಿಲ್ಲ. 1996ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಿಗ್ಮಾ ಬೀಟಾ ರೋ, 1998ರಲ್ಲಿ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, ಅದೇ ವರ್ಷ ಹ್ಯೂಸ್ಟನ್ನಿನಲ್ಲಿ ಹುಡುಗಿಯರ ಡೆಲ್ಟಾ ಫೈ ಒಮೇಗಾ ಹುಟ್ಟಿದವು. ಬಾಗಿಲ ಹೊರಗೆ ನಿಂತವರು ತಮ್ಮದೇ ಮನೆ ಕಟ್ಟಿಕೊಂಡ ಈ ಕಥೆಯನ್ನು ಮರೆತು ಎಲ್ಲವನ್ನೂ ಕುಡುಕರ ಕೂಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹದಿನೆಂಟರ ವಯಸ್ಸಿನಲ್ಲಿ ಮನೆ ಬಿಟ್ಟು ಮೂವತ್ತು ನಲವತ್ತು ಸಾವಿರ ವಿದ್ಯಾರ್ಥಿಗಳ ನಡುವೆ ಹೋಗಿ ನಿಂತವನಿಗೆ ಊಟಕ್ಕೆ ಜೊತೆಗಾರನೊಬ್ಬನು ಸಿಕ್ಕರೆ ಅದೇ ದೊಡ್ಡದು. ಈ ಹಸಿವನ್ನು ಹಗುರವಾಗಿ ಕಾಣಬಾರದು. ಆದರೆ ಸಂಘದ ಪರವಾಗಿ ಮಾತನಾಡುವವರು ಹೆಚ್ಚಾಗಿ ಎತ್ತುವುದು ಇದನ್ನಲ್ಲ; 'ಮುಂದೆ ನೌಕರಿಗೆ ಅನುಕೂಲ' ಎಂಬ ಮಾತನ್ನು. ಅದು ಸುಳ್ಳಲ್ಲ. ಯೂನಿಯನ್ ಕಾಲೇಜಿನ ಅರ್ಥಶಾಸ್ತ್ರಜ್ಞರು ಈಶಾನ್ಯ ಭಾಗದ ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ಕುರಿತು ನಡೆಸಿ 2016ರಲ್ಲಿ ಹೊರತಂದ ಅಧ್ಯಯನವೊಂದು ಕುತೂಹಲಕರವಾಗಿದೆ. ಅದರ ಲೆಕ್ಕದಂತೆ ಫ್ರೆಟರ್ನಿಟಿ ಸೇರಿದವನ ಅಂಕವು 4ರ ಮಾಪನದಲ್ಲಿ ಸುಮಾರು 0.25ರಷ್ಟು ಇಳಿಯುತ್ತದೆ, ಮುಂದಿನ ಆದಾಯವು ಸುಮಾರು ಶೇಕಡಾ 36ರಷ್ಟು ಏರುತ್ತದೆ. ಕಡಮೆ ಓದಿದವನು ಹೆಚ್ಚು ಗಳಿಸುತ್ತಾನೆಂದರೆ, ಆ ಹೆಚ್ಚಳವು ವಿದ್ಯೆಯಿಂದ ಬಂದುದಲ್ಲ, ಪರಿಚಯದಿಂದ ಬಂದುದು ಎಂದೇ ಊಹಿಸಬೇಕಾಗುತ್ತದೆ. ಹಾಗಾದರೆ ಪರಿಚಯವಿಲ್ಲದ ಇನ್ನೊಬ್ಬ ಯೋಗ್ಯನಿಗೆ ಸಿಗಬೇಕಾಗಿದ್ದ ಸ್ಥಾನವು ಇವನಿಗೆ ಸಂದಿರುವ ಸಂಭವವಿಲ್ಲವೇ? ವ್ಯಾಪಾರದಲ್ಲಿ ತಕ್ಕಡಿಯ ಪ್ರಾಮಾಣಿಕತೆಯನ್ನು ಕುಲಧರ್ಮವೆಂದು ತಿಳಿದ ಮನೆತನಗಳು ಈ ಶೇಕಡಾ 36ನ್ನು ಕಂಡು ಹಿಗ್ಗುವ ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಆದರೂ ನನ್ನ ಮುಖ್ಯ ಆಕ್ಷೇಪ ಇದಲ್ಲ. ಅದು ಪ್ರತಿಜ್ಞೆಗೆ ಸಂಬಂಧಿಸಿದ್ದು. ನಮ್ಮಲ್ಲಿ ವ್ರತವನ್ನು ಸ್ವೀಕರಿಸುವವನಿಗೆ ಆ ವ್ರತದ ಸ್ವರೂಪವೇನು, ಅದರ ಅತಿಚಾರಗಳಾವುವು ಎಂಬುದನ್ನು ಮೊದಲೇ ಬಿಡಿಸಿ ಹೇಳುವ ಪರಿಪಾಠವಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸಿರುವುದು ಇದೇ ಕಾರಣಕ್ಕಾಗಿ. ತಿಳಿದು ಒಪ್ಪಿದರೆ ಮಾತ್ರ ಅದು ವ್ರತ. ಸೋದರ ಸಂಘದ ಉಮೇದುವಾರನಿಗಾದರೋ, ತಾನು ಯಾವುದಕ್ಕೆ ಮಾತು ಕೊಡುತ್ತಿದ್ದೇನೆಂಬುದು ಕೊಟ್ಟ ಮೇಲೆಯೇ ತಿಳಿಯುವುದು. ಅದಕ್ಕೂ ಮೊದಲು 'ಹೇಜಿಂಗ್' ಎಂಬ ಪರೀಕ್ಷೆ ನಡೆಯುವುದುಂಟು. ಕಾನೂನೂ ಕಾಲೇಜುಗಳೂ ನಿಷೇಧಿಸಿದ್ದರೂ ಅನೇಕ ಶಾಖೆಗಳಲ್ಲಿ ಅದು ಮುಚ್ಚುಮರೆಯಲ್ಲಿ ಮುಂದುವರಿದಿದೆ. ಅವಮಾನಪಡಿಸುವುದು, ನಿದ್ದೆಗೆಡಿಸುವುದು, ಮಿತಿಮೀರಿ ಮದ್ಯ ಕುಡಿಸುವುದು ಅದರ ರೂಪಗಳು. ನಮ್ಮ ಓದುಗರಿಗೆ 'ರ್‍ಯಾಗಿಂಗ್' ಎಂದರೆ ಬೇಗ ಅರ್ಥವಾದೀತು. ನಮ್ಮ ರಾಜ್ಯದ 1983ರ ಶಿಕ್ಷಣ ಕಾಯ್ದೆಯು ಅದನ್ನು ಅಪರಾಧವೆಂದು ಸಾರಿದೆ. ಆದರೆ ಒಂದು ಭೇದವುಂಟು. ರ್‍ಯಾಗಿಂಗಿಗೆ ಸಿಕ್ಕವನು ತಪ್ಪಿಸಿಕೊಳ್ಳಲು ಬಯಸುತ್ತಾನೆ. ಹೇಜಿಂಗಿಗೆ ಸಿಕ್ಕವನು ತಾನಾಗಿಯೇ ಬಂದು ಬಾಗಿಲು ತಟ್ಟಿದವನು. 'ಅವನೇ ಒಪ್ಪಿದ್ದನಲ್ಲ' ಎಂಬ ಸಮಾಧಾನವು ಮಾಡಿಸುವವರ ನಾಲಗೆಯ ತುದಿಯಲ್ಲಿರುತ್ತದೆ. ಏನೆಂದು ತಿಳಿಯದೆ ಕೊಟ್ಟ ಒಪ್ಪಿಗೆಯು ಒಪ್ಪಿಗೆಯೇ ಅಲ್ಲವೆಂಬುದನ್ನು ಅವರು ಯೋಚಿಸುವುದಿಲ್ಲ.

ಇಷ್ಟು ಕಷ್ಟಪಡಿಸಿದ ಸಂಘವನ್ನು ಹುಡುಗರು ದ್ವೇಷಿಸುವುದಿಲ್ಲವೇಕೆ? ಎಲಿಯಟ್ ಆ್ಯರನ್ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅವರು 63 ವಿದ್ಯಾರ್ಥಿನಿಯರನ್ನು ಒಂದು ಚರ್ಚಾಕೂಟಕ್ಕೆ ಆರಿಸಿಕೊಂಡರು. ಕೆಲವರಿಗೆ ಪ್ರವೇಶಕ್ಕೆ ಮೊದಲು ಬಹಳ ಮುಜುಗರವಾಗುವಂತಹ ಮಾತುಗಳನ್ನು ಗಟ್ಟಿಯಾಗಿ ಓದಿಸಿದರು. ಕೆಲವರಿಗೆ ಸೌಮ್ಯವಾದ ಪರೀಕ್ಷೆ. ಉಳಿದವರಿಗೆ ಯಾವ ಪರೀಕ್ಷೆಯೂ ಇಲ್ಲ. ಆಮೇಲೆ ಎಲ್ಲರಿಗೂ ಕೇಳಿಸಿದ ಚರ್ಚೆಯು ಬೇಕೆಂದೇ ನೀರಸವಾಗಿ ರೂಪಿಸಿದ್ದಾಗಿತ್ತು. ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾದವರೇ ಆ ಚರ್ಚೆಯನ್ನು ಹೆಚ್ಚು ಮೆಚ್ಚಿದರು. ಇಷ್ಟು ಅವಮಾನವನ್ನು ವ್ಯರ್ಥವಾಗಿ ಸಹಿಸಿದೆನೆಂದು ಒಪ್ಪಿಕೊಳ್ಳುವುದಕ್ಕಿಂತ, ಸಿಕ್ಕಿದ್ದು ಅಮೂಲ್ಯವೆಂದು ನಂಬುವುದು ಮನಸ್ಸಿಗೆ ಸುಲಭ. ಆದ್ದರಿಂದ 'ನನ್ನ ಸಂಘ ನನಗೆ ಪ್ರಾಣ' ಎಂದು ಹಳೆಯ ಸದಸ್ಯನೊಬ್ಬನು ಹೇಳಿದಾಗ ಅದನ್ನು ಸಂಘದ ಯೋಗ್ಯತೆಗೆ ಸಾಕ್ಷಿಯೆಂದು ಎಣಿಸಲಾಗದು. ಕಳೆದ ವರ್ಷ ಪೆಟ್ಟು ತಿಂದವನೇ ಈ ವರ್ಷ ಪೆಟ್ಟು ಕೊಡಲು ನಿಲ್ಲುವುದೂ ಇದರಿಂದಲೇ.

ಈ ಪ್ರತಿಜ್ಞೆಯು ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದೆಂಬುದು 2017ರ ಫೆಬ್ರವರಿ 2ರ ರಾತ್ರಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಸಂಘದ ಮನೆಯಲ್ಲಿ ಕಂಡುಬಂದಿತು. ನಿಯಮದ ಪ್ರಕಾರ ಅದು ಮದ್ಯರಹಿತವಾದ ಮನೆ. ಟಿಮೊಥಿ ಪಿಯಾಜಾ ಎಂಬ 19 ವರ್ಷದ ಹೊಸ ಉಮೇದುವಾರನಿಗೆ ಅಲ್ಪ ಸಮಯದಲ್ಲಿಯೇ ಅತಿಯಾಗಿ ಕುಡಿಸಿದರು. ಅವನು ನೆಲಮಾಳಿಗೆಯ ಮೆಟ್ಟಿಲುಗಳಿಂದ ಉರುಳಿಬಿದ್ದನು. ಅವನನ್ನು ಎತ್ತಿ ತಂದು ಮಲಗಿಸಿದರು. ಆಂಬುಲೆನ್ಸಿಗೆ ಕರೆ ಹೋದದ್ದು ಸುಮಾರು ಹನ್ನೆರಡು ಗಂಟೆಗಳ ಅನಂತರ, ಮಾರನೆಯ ದಿನ ಬೆಳಿಗ್ಗೆ. ಫೆಬ್ರವರಿ 4ರಂದು ಅವನು ಮೃತನಾದನು. ಮನೆಯ ಕ್ಯಾಮೆರಾಗಳಲ್ಲಿ ಆ ರಾತ್ರಿಯ ಬಹುಭಾಗ ದಾಖಲಾಗಿತ್ತು. ಸಹಾಯಕ್ಕೆ ಕರೆ ಮಾಡಬೇಕೆಂದು ಒತ್ತಾಯಿಸಿದ ಒಬ್ಬ ಕಿರಿಯ ಸದಸ್ಯನನ್ನು ಹಿರಿಯನೊಬ್ಬನು ಗೋಡೆಗೆ ತಳ್ಳಿ ಬಾಯಿ ಮುಚ್ಚಿಸಿದನೆಂಬ ಸಂಗತಿಯು ಗ್ರ್ಯಾಂಡ್ ಜ್ಯೂರಿಯ ವರದಿಯಲ್ಲಿ ಬಂದಿದೆ.

ಆ ಮನೆಯಲ್ಲಿದ್ದವರು ಕ್ರೂರಿಗಳಾಗಿದ್ದರೆಂದು ನಾನು ಭಾವಿಸುವುದಿಲ್ಲ. ಒಬ್ಬೊಬ್ಬನೂ ಬೀದಿಯಲ್ಲಿ ಅಪರಿಚಿತನೊಬ್ಬನು ಬಿದ್ದುದನ್ನು ಕಂಡಿದ್ದರೆ ಕೂಡಲೇ ದೂರವಾಣಿ ಎತ್ತುತ್ತಿದ್ದನು. 'ಅಣ್ಣತಮ್ಮ'ನೆಂದು ಕರೆದುಕೊಂಡವನಿಗಾಗಿ ಎತ್ತಲಿಲ್ಲ. ಕರೆ ಮಾಡಿದರೆ ಸಂಘದ ಗುಟ್ಟು ಹೊರಬೀಳುತ್ತಿತ್ತು. ಕೃತ, ಕಾರಿತ, ಅನುಮೋದಿತ ಎಂದು ಕರ್ಮವನ್ನು ಮೂರು ಬಗೆಯಾಗಿ ಕಾಣುವ ನಮಗೆ ಇಲ್ಲಿ ಹೊಸದಾಗಿ ಕಲಿಯಬೇಕಾದುದೇನಿಲ್ಲ. ಕುಡಿಸಿದವನು, ಕುಡಿಸಲು ಹೇಳಿದವನು, ಕಂಡೂ ಕಾಣದಂತೆ ಮಲಗಲು ಹೋದವನು ಈ ಮೂವರೂ ಆ ಲೆಕ್ಕದೊಳಗೆ ಬರುತ್ತಾರೆ. ನಮ್ಮ ಹುಡುಗನು ಕುಡಿಯುವುದಿಲ್ಲ, ಆದಕಾರಣ ಭಯವಿಲ್ಲ ಎನ್ನುವ ತಂದೆತಾಯಿಗಳು ಮೂರನೆಯವನನ್ನು ಮರೆಯುತ್ತಾರೆ.

ನಮ್ಮವರದೇ ಸಂಘವಾದರೆ ಅಪಾಯವಿಲ್ಲ ಎಂಬ ಭಾವನೆಯೂ ನಿಲ್ಲುವುದಿಲ್ಲ. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಪ್ರಥಮ ವರ್ಷದ ವಿದ್ಯಾರ್ಥಿಯೊಬ್ಬನು ಪೈ ಡೆಲ್ಟಾ ಸೈ ಎಂಬ ಏಷ್ಯಾ ಮೂಲದವರ ಸಂಘದ ವಿಧಿಯೊಂದರಲ್ಲಿ ಪ್ರಾಣ ಕಳೆದುಕೊಂಡನು. ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಭಾರದ ಚೀಲ ಹೊರಿಸಿ, ಚಳಿಗಾಲದ ಕತ್ತಲೆಯಲ್ಲಿ ನಡೆಸಿ, ಮತ್ತೆ ಮತ್ತೆ ಕೆಡವಿದ್ದರು. ಏಷ್ಯಾದ ಜನರು ಆ ದೇಶದಲ್ಲಿ ಅನುಭವಿಸುವ ಅಡ್ಡಿಗಳನ್ನು ಮನಗಾಣಿಸುವುದೇ ಆ ವಿಧಿಯ ಉದ್ದೇಶವಂತೆ! ಅಲ್ಲಿಯೂ ಆಂಬುಲೆನ್ಸ್ ಕರೆಯದೆ ಕಾಲಹರಣ ಮಾಡಿದರು. 2018ರಲ್ಲಿ ನ್ಯಾಯಾಲಯವು ಆ ಸಂಘವನ್ನು ಪೆನ್ಸಿಲ್ವೇನಿಯಾ ರಾಜ್ಯದಿಂದ ಹತ್ತು ವರ್ಷಗಳ ಕಾಲ ಹೊರಗಿಟ್ಟಿತು.

ಹಾಗಾದರೆ ಸಂಘವೇ ಬೇಡವೇ? ವಿಲಿಯಮ್ಸ್ ಕಾಲೇಜು 1962ರಲ್ಲಿ, ಕೋಲ್ಬಿ ಕಾಲೇಜು 1984ರಲ್ಲಿ, ಬೋಡನ್ ಕಾಲೇಜು 1997ರಲ್ಲಿ ಈ ಸಂಘಗಳನ್ನು ಕೈಬಿಡಲು ನಿಶ್ಚಯಿಸಿದವು. ಅಲ್ಲಿಯ ವಿದ್ಯಾರ್ಥಿಗಳು ಸ್ನೇಹಿತರಿಲ್ಲದೆ ಬಾಡಿಹೋಗಲಿಲ್ಲ. ಆದರೂ ಎಲ್ಲೆಡೆಯೂ ನಿಷೇಧವೇ ಮದ್ದೆಂದು ನಾನು ಹೇಳಲಾರೆ. ಇದಕ್ಕೆ ಆ ಸಂಘಗಳಲ್ಲೆಲ್ಲ ಹಿರಿಯದಾದ ಫೈ ಬೀಟಾ ಕಪ್ಪಾದ ಕಥೆಯೇ ಆಧಾರ. ಗುಪ್ತ ಸಂಘಗಳ ವಿರುದ್ಧ ಜನರು ಕೂಗೆಬ್ಬಿಸಿದ ಕಾಲದಲ್ಲಿ, 1831ರಲ್ಲಿ, ಅದರ ಹಾರ್ವರ್ಡ್ ಶಾಖೆಯು ಗೋಪ್ಯವನ್ನು ಬಿಟ್ಟುಕೊಟ್ಟಿತು. ಸಂಘವು ಅಳಿಯಲಿಲ್ಲ, ಇಂದು ಅದು ವಿದ್ಯೆಯಲ್ಲಿ ಮುಂದಿರುವವರನ್ನು ಗೌರವಿಸುವ ಸಂಸ್ಥೆಯಾಗಿ ಉಳಿದಿದೆ. ಗುಟ್ಟು ಹೋದರೂ ಸೋದರತ್ವವು ಹೋಗಬೇಕಾಗಿಲ್ಲ. ಪ್ರತಿಜ್ಞೆಯ ಪಾಠವನ್ನು ತಾಯಿಯ ಮುಂದೆ ಓದಬಹುದಾದಂತಹ, ಬಿಟ್ಟುಹೋಗುವವನನ್ನು ಹೀಯಾಳಿಸದಂತಹ ಸಂಘವಿದ್ದರೆ ಮಕ್ಕಳು ಧಾರಾಳವಾಗಿ ಸೇರಲಿ. ಹುಡುಗಿಯರ ರಾಷ್ಟ್ರೀಯ ಸಂಘಗಳು ಸಾಮಾನ್ಯವಾಗಿ ತಮ್ಮ ಮನೆಗಳಲ್ಲಿ ಮದ್ಯಕ್ಕೆ ಎಡೆಗೊಡುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು; ಆದರೆ ರೂಪ, ಉಡುಪು, ಮಾತಿನ ಬೆಡಗುಗಳನ್ನು ಅಳೆದು ಕೆಲವೇ ದಿನಗಳಲ್ಲಿ ಒಬ್ಬಳನ್ನು ತಂಗಿಯೆಂದೂ ಇನ್ನೊಬ್ಬಳನ್ನು ಅಲ್ಲವೆಂದೂ ತೀರ್ಮಾನಿಸುವ ಕ್ರಮವು ಅಲ್ಲಿಯೂ ಕಡಮೆಯಿಲ್ಲ. ಸಂಘದ ಅಡಿಗೆಮನೆಯಲ್ಲಿ ನಮ್ಮ ಆಹಾರನಿಯಮ ನಡೆದೀತೇ ಎಂಬುದು ಬೇರೆ ಪ್ರಶ್ನೆ. ಅದನ್ನು ಮೊದಲ ಭೇಟಿಯಲ್ಲಿಯೇ ನಾಚದೆ ಕೇಳಬಹುದು.

ತಂದೆತಾಯಿಗಳಿಗೆ ಈಗ ಒಂದು ಹೊಸ ಅನುಕೂಲವಿದೆ. 2024ರ ಡಿಸೆಂಬರಿನಲ್ಲಿ ಅಂಗೀಕೃತವಾದ 'ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್' ಎಂಬ ಕೇಂದ್ರ ಕಾನೂನಿನ ಮೇರೆಗೆ ಕಾಲೇಜುಗಳು ಹೇಜಿಂಗ್ ತಪ್ಪಿಗೆ ಗುರಿಯಾದ ಸಂಘಗಳ ಹೆಸರನ್ನೂ ನಡೆದ ಸಂಗತಿಯನ್ನೂ ಸಾರ್ವಜನಿಕರಿಗೆ ಕಾಣುವಂತೆ ಪ್ರಕಟಿಸಬೇಕಾಗಿದೆ. ಶುಲ್ಕ ಕಟ್ಟುವ ಮೊದಲು ಆ ವರದಿಯನ್ನು ಓದತಕ್ಕದ್ದು. ಹೆಸರು ಅದರಲ್ಲಿ ಇಲ್ಲವೆಂಬುದರಿಂದ ಏನೂ ನಡೆದಿಲ್ಲವೆಂದು ಸಿದ್ಧವಾಗುವುದಿಲ್ಲ. ಯಾರೂ ದೂರು ಕೊಡದೆ ಇರಲೂಬಹುದು. ಆದ್ದರಿಂದ ಸಂಘದವರು ಮುಂದೆ ತಂದು ನಿಲ್ಲಿಸುವ ಉತ್ಸಾಹಿಗಳ ಮಾತನ್ನು ಕೇಳಿದ ಮೇಲೆ, ಉಮೇದುವಾರಿಕೆಯನ್ನು ನಡುವೆಯೇ ಬಿಟ್ಟುಹೋದ ಒಬ್ಬ ಹುಡುಗನನ್ನು ಹುಡುಕಿ ಅವನ ಜೊತೆ ಅರ್ಧ ಗಂಟೆ ಮಾತನಾಡುವಂತೆ ಮಗನಿಗೆ ಹೇಳಬೇಕು.