ಖಾನಾವಳಿಯ ಹಾಡು



ನನ್ನ ತಮ್ಮ ಕಲಬುರಗಿಯಲ್ಲಿ ಜೋಳದ ರೊಟ್ಟಿ ಖಾನಾವಳಿ ತೆರೆದಿದ್ದಾನೆ. "ಅಕ್ಕಾ, ಊಟದ ಹೊತ್ತಿಗೆ ಯಾವ ಹಾಡು ಹಚ್ಚಲಿ? ಭೀಮಗೀತೆ ಹಚ್ಚಿದ್ರ ರೊಟ್ಟಿ ಬಡದವರು ಯಾರಂತ ಗೊತ್ತಾಗಿ ಮಂದಿ ಎದ್ದು ಹೋಗ್ತಾರ. ದೇವರ ಹಾಡು ಹಚ್ಚಿಬಿಡ್ಲೇನು?" ಅಂದ.

22 ಪ್ರತಿಜ್ಞೆ ಸ್ವೀಕರಿಸಿದ ಮನೆ ನಮ್ಮದು. ಆದರೂ ನನ್ನ ಬಾಯಿಗೆ 'ಹಚ್ಚು' ಎಂದೇ ಬಂದಿತ್ತು. ಅವನ ಸಾಲ ನನಗೆ ಗೊತ್ತು.

ಆಮೇಲೆ ಸೋಣ ಭಿಕ್ಷು ನೆನಪಾದರು. ವೀಣೆಯ ತಂತಿ ಬಿಗಿಯಾದರೂ ಸಡಿಲವಾದರೂ ನಾದ ಹೊರಡದೆಂದು ಬುದ್ಧಗುರು ಅವರಿಗೆ ಹೇಳಿದ್ದು ಸಾಧನೆಯ ಹದದ ಬಗ್ಗೆ. ಅಂಜಿ ಮುಚ್ಚಿಕೊಳ್ಳುವುದು ಹದವಲ್ಲ, ಸಡಿಲ ತಂತಿ.

"ಸಣ್ಣ ದನಿಯಲ್ಲಿ ಬರೀ ಸಿತಾರ್ ಹಚ್ಚು. ಗಲ್ಲೆಯ ಮೇಲೆ ಬಾಬಾಸಾಹೇಬರ ಫೋಟೊ ಇರಲಿ" ಎಂದೆ.

ನಿನ್ನೆ ಇಬ್ಬರು ಫೋಟೊ ನೋಡಿ ಎದ್ದು ಹೋದರಂತೆ. ತಮ್ಮ ಅದನ್ನು ತೆಗೆದಿಲ್ಲ.