ಸೈನ್ ಹಾಕಿದ್ದು ನಾನೇ, ಮಾತು ಕೊಟ್ಟದ್ದು ಯಾರು?

ಸಾಲದ ವಿಷಯದಲ್ಲಿ ಕೋರ್ಟು ಡಿಕ್ರಿ ಮಾಡಿದೆ ಅಂದ ಕೂಡಲೇ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಕೇಳುವ ಮಾತು ಇದು: "ಅಲ್ಲ ಮಾರಾಯ, ಸೈನ್ ಹಾಕಿದ್ದು ನೀನೇ ಅಲ್ವಾ? ಮತ್ತೆ ಕೊಡದೆ ಎಂತ ಮಾಡ್ತಿ?"

ಈ ಪ್ರಶ್ನೆಯನ್ನು ಹಳೇ ಕಾಲದವರ ಪ್ರಶ್ನೆ ಅಂತ ಬದಿಗೆ ತಳ್ಳೋದು ಸುಲಭ. ಆದರೆ ಅದರಲ್ಲಿ ತೂಕ ಉಂಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಬೆಳೆದವರಿಗೆ "ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ" ಅನ್ನೋ ಗಾದೆಯನ್ನು ಯಾರೂ ಕೂರಿಸಿ ಹೇಳಿಕೊಡಬೇಕಾಗಿಲ್ಲ. ತಿರುಪತಿಯ ತಿಮ್ಮಪ್ಪ ಹರಕೆಯ ಕಾಸನ್ನು ಬಿಡುವುದಿಲ್ಲ, ಧರ್ಮಸ್ಥಳದ ಮಂಜುನಾಥ ಆಡಿದ ಮಾತನ್ನು ಬಿಡುವುದಿಲ್ಲ. ದುಡ್ಡು ಹೋದರೆ ಹೋಗಲಿ, ಮಾತು ಹೋಗಬಾರದು ಅನ್ನುವ ಊರು ನಮ್ಮದು. ಅಂಥಲ್ಲಿ ಕೋರ್ಟು "ಕೊಡು" ಅಂದ ಮೇಲೂ "ಕೊಡುವುದಿಲ್ಲ, ಪ್ರಶ್ನೆ ಮಾಡ್ತೇನೆ" ಅನ್ನುವುದು ಮಾತಿಗೆ ತಪ್ಪಿದ ಹಾಗಲ್ವಾ?

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಕಾಲ್ಪನಿಕವೇ, ಆದರೆ ಇಂಥದ್ದನ್ನು ನೀವೂ ಕೇಳಿರ್ತೀರಿ. ಹುಡುಗನ ಮನೆ ಬಂಟ್ವಾಳದ ಹತ್ತಿರ, ಹುಡುಗಿಯ ತವರು ಮೂಡುಬಿದಿರೆ, ಇಬ್ಬರ ಕೆಲಸ ಬೆಂಗಳೂರಿನಲ್ಲಿ. ಮಾಲ್‌ನಲ್ಲಿ ಒಂದು ಲಕ್ಕಿ ಡ್ರಾ ಚೀಟಿ ತುಂಬಿಸ್ತಾರೆ. ಎರಡು ದಿನ ಬಿಟ್ಟು ಫೋನ್: "ಸರ್, ನಿಮಗೆ ಗಿಫ್ಟ್ ಬಂದಿದೆ, ಮೇಡಮ್ಮನ್ನೂ ಕರ್ಕೊಂಡು ಬನ್ನಿ." ಹೋಟೆಲಿನ ಹಾಲ್, ಜೋರು ಸಂಗೀತ, ಒಂದೊಂದು ಟೇಬಲ್ಲಿಗೂ ಒಬ್ಬ ನಗುಮುಖದ ಹುಡುಗ. ವರ್ಷಕ್ಕೆ ಒಂದು ವಾರದಂತೆ 25 ವರ್ಷ ರೆಸಾರ್ಟಿನಲ್ಲಿ ಉಳಿಯುವ ಹಕ್ಕು, ಬೆಲೆ ಕೆಲವು ಲಕ್ಷ. ಬೇಡ ಅಂದರೆ ಯಾವಾಗ ಬೇಕಾದರೂ ಮಾರಬಹುದು ಅಂತಾನೆ. ಹೋಗದ ವರ್ಷ ಬಾಡಿಗೆಗೆ ಕೊಟ್ಟು ದುಡ್ಡು ಮಾಡಬಹುದು ಅಂತಾನೆ. ಈ ರೇಟು ಇವತ್ತಿಗೆ ಮಾತ್ರ ಅಂತಾನೆ. ಮೂರು ಗಂಟೆ ಆದ ಮೇಲೆ, ಮಗು ರಚ್ಚೆ ಹಿಡಿದ ಹೊತ್ತಿಗೆ, ಮೂವತ್ತು ಪುಟದ ಕರಾರು ಮುಂದೆ ಬರುತ್ತೆ. ಅದೇ ಟೇಬಲ್ಲಿನಲ್ಲಿ ಸಾಲದ ಅರ್ಜಿಯೂ ರೆಡಿ.

ಬುಕಿಂಗ್ ಮಾಡೋಕೆ ಹೋದಾಗಲೆಲ್ಲ "ರೂಮಿಲ್ಲ." ವರ್ಷ ವರ್ಷ ಏರುವ ನಿರ್ವಹಣಾ ಶುಲ್ಕ. ಮಾರಲು ಹೊರಟರೆ ಕೊಳ್ಳುವವರಿಲ್ಲ. ಕರಾರು ತೆಗೆದು ನೋಡಿದರೆ ಆ ಹುಡುಗ ಹೇಳಿದ್ದು ಒಂದೂ ಅದರಲ್ಲಿಲ್ಲ. ಬದಲಿಗೆ "ಬಾಯಿಮಾತಿನ ಯಾವ ಭರವಸೆಗೂ ಸಂಸ್ಥೆ ಜವಾಬ್ದಾರಿಯಲ್ಲ" ಅಂತ ಒಂದು ಸಾಲು. ಇವರು ಇಎಂಐ ನಿಲ್ಲಿಸ್ತಾರೆ. ಸಾಲ ಕೊಟ್ಟ ಸಂಸ್ಥೆ ದೂರದ ಯಾವುದೋ ನಗರದಲ್ಲಿ ದಾವೆ ಹೂಡುತ್ತೆ. ಸಮನ್ಸ್ ಹೋಗೋದು ಆಧಾರ್‌ನಲ್ಲಿರುವ ಬಂಟ್ವಾಳದ ವಿಳಾಸಕ್ಕೆ, ಇವರಿರೋದು ಬೆಂಗಳೂರಿನಲ್ಲಿ. ಕೋರ್ಟಿನಲ್ಲಿ ಹೆಸರು ಕೂಗಿದಾಗ ಓ ಅನ್ನೋಕೆ ಯಾರೂ ಇಲ್ಲ. ಏಕಪಕ್ಷೀಯ ತೀರ್ಪು, ಅಂದರೆ ಎಕ್ಸ್ ಪಾರ್ಟಿ ಡಿಕ್ರಿ. ಮನೆಯವರಿಗೆ ಗೊತ್ತಾಗೋದು ಅಮಲ್ಜಾರಿಯ ನೋಟಿಸು ಬಂದಾಗ.

ಇಲ್ಲಿ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು. ಏಕಪಕ್ಷೀಯ ತೀರ್ಪು ಅಂದರೆ ನ್ಯಾಯಾಧೀಶರು ನಿಮ್ಮ ಮಾತು ಕೇಳಿ, ಅಳೆದು, ನೀವು ಸುಳ್ಳ ಅಂತ ಹೇಳಿದ್ದಲ್ಲ. ಒಂದು ಕಡೆಯವರು ತಂದ ಕಾಗದ ನೋಡಿ, ಇನ್ನೊಂದು ಕಡೆಯವರು ಬಂದಿಲ್ಲ ಅಂತ ಬರೆದ ತೀರ್ಪು ಅದು. ಅದಕ್ಕೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮ ಒಂದು ಬಾಗಿಲು ಇಟ್ಟಿದೆ. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ, ಅಥವಾ ಹಾಜರಾಗದೆ ಇರೋಕೆ ಸಾಕಷ್ಟು ಕಾರಣ ಇತ್ತು ಅಂತ ತೋರಿಸಿದರೆ, ತೀರ್ಪು ಕೊಟ್ಟ ಅದೇ ಕೋರ್ಟು ಅದನ್ನು ರದ್ದು ಮಾಡಿ ಮತ್ತೆ ವಿಚಾರಣೆ ನಡೆಸಬೇಕು. ಅರ್ಜಿ ಹಾಕೋಕೆ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಆ 30 ದಿನ ಲೆಕ್ಕ ಆಗೋದು ತೀರ್ಪಿನ ವಿಷಯ ನಿಮಗೆ ಗೊತ್ತಾದ ದಿನದಿಂದ.

ಅದೇ ನಿಯಮದಲ್ಲಿ ಇನ್ನೊಂದು ಮಾತೂ ಉಂಟು. ವಿಚಾರಣೆಯ ದಿನ ನಿಮಗೆ ಗೊತ್ತಿತ್ತು, ಹೋಗೋಕೆ ಸಮಯವೂ ಇತ್ತು ಅಂತಾದರೆ, ಸಮನ್ಸ್ ಜಾರಿಯಲ್ಲಿ ಸಣ್ಣಪುಟ್ಟ ಲೋಪ ಇದೆ ಅನ್ನುವ ಒಂದೇ ಕಾರಣಕ್ಕೆ ತೀರ್ಪು ರದ್ದಾಗುವುದಿಲ್ಲ. ಗೊತ್ತಿದ್ದೂ ಮೊಬೈಲು ಮಗುಚಿಟ್ಟು ಕೂತವನಿಗೆ ಕಾನೂನು ಕೈಹಿಡಿಯೋದು ಕಷ್ಟ. ಅದು ಸರಿಯಾಗಿಯೇ ಇದೆ ಅನ್ಸುತ್ತೆ ನನಗೆ. "ನನ್ನ ಮಾತು ಕೇಳಲಿಲ್ಲ" ಅನ್ನೋ ಹಕ್ಕಿನ ಜೊತೆಗೆ, ಕೇಳುವ ಜಾಗಕ್ಕೆ ಹೋಗುವ ಕರ್ತವ್ಯವೂ ಬರುತ್ತೆ.

ನಮ್ಮೂರಿನ ನೆನಪಿನಲ್ಲಿ ಇದು ಹೊಸ ವಿಚಾರ ಏನಲ್ಲ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ಜಮೀನು, ಸಾಲದ ವ್ಯಾಜ್ಯಗಳನ್ನು ತರುವ ಪದ್ಧತಿ ಬಹಳ ಹಳೆಯದು. ಅಲ್ಲಿಯೂ ಎರಡೂ ಕಡೆಯವರನ್ನು ಕರೆಸುವುದು ಕ್ರಮ. ಮಾತು ಬಿಡದ ದೇವರ ಊರಿನಲ್ಲೂ ಒಬ್ಬನ ಮಾತಿನ ಮೇಲೆ ಇತ್ಯರ್ಥ ಇಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ವಿಚಾರಣೆ ಮತ್ತೆ ಶುರುವಾಯ್ತು ಅಂತಲೇ ಇಟ್ಟುಕೊಳ್ಳಿ. ಸೈನ್ ಅಂತೂ ಇವರದ್ದೇ. ಹಾಗಾದರೆ ಹೇಳೋಕೆ ಉಳಿದದ್ದು ಏನು?

ಪುಣ್ಯಕೋಟಿಯ ಕತೆ ನಮಗೆಲ್ಲ ಗೊತ್ತು. ಹಸು ಮಾತು ಕೊಟ್ಟಳು, ತಿರುಗಿ ಹೋದಳು. ಆದರೆ ಆ ಕತೆಯಲ್ಲಿ ಹುಲಿ ಸುಳ್ಳು ಹೇಳಿರಲಿಲ್ಲ. ತಿನ್ನುತ್ತೇನೆ ಅಂತ ನೇರವಾಗಿ ಹೇಳಿತ್ತು. ಏನನ್ನು ಒಪ್ಪಿಕೊಳ್ತಿದ್ದೇನೆ ಅಂತ ಹಸುವಿಗೆ ಪೂರ್ತಿ ತಿಳಿದಿತ್ತು. ಅದಕ್ಕೇ ಆ ಮಾತಿಗೆ ಅಷ್ಟು ಬೆಲೆ. ಹುಲಿ ಹಸುವಿನ ವೇಷ ಹಾಕಿ, ಹುಲ್ಲುಗಾವಲು ತೋರಿಸ್ತೇನೆ ಅಂತ ಕರೆದು ಮಾತು ತಗೊಂಡಿದ್ದರೆ, ಅದಕ್ಕೆ ಕಟ್ಟುಬೀಳಬೇಕು ಅಂತ ಯಾರೂ ಮಕ್ಕಳಿಗೆ ಹೇಳಿಕೊಡ್ತಿರಲಿಲ್ಲ.

1872ರ ಭಾರತೀಯ ಕರಾರು ಕಾಯ್ದೆಯೂ ಇದನ್ನೇ ತನ್ನ ಒಣ ಭಾಷೆಯಲ್ಲಿ ಹೇಳುತ್ತೆ. ವಂಚನೆಯಿಂದಲೋ ತಪ್ಪು ನಿರೂಪಣೆಯಿಂದಲೋ ಒಪ್ಪಿಗೆ ಪಡೆದಿದ್ದರೆ, 19ನೇ ಸೆಕ್ಷನ್ ಪ್ರಕಾರ ಆ ಕರಾರನ್ನು ರದ್ದುಪಡಿಸುವ ಆಯ್ಕೆ ಮೋಸಹೋದವನ ಕೈಯಲ್ಲಿರುತ್ತೆ. ಬರೆದ ಕರಾರಿಗೆ ವಿರುದ್ಧವಾಗಿ ಬಾಯಿಮಾತಿನ ಸಾಕ್ಷ್ಯ ಸಾಮಾನ್ಯವಾಗಿ ನಡೆಯೋದಿಲ್ಲ, ಆದರೆ ವಂಚನೆ ನಡೆದಿದೆ ಅಂತ ತೋರಿಸೋಕೆ ನಡೆಯುತ್ತೆ. ಅಂದರೆ ಸಹಿ ಅನ್ನೋದು ಒಪ್ಪಿಗೆಯ ಗುರುತು ಮಾತ್ರ. ಒಪ್ಪಿಗೆಯೇ ಕೆಟ್ಟಿದ್ದರೆ ಗುರುತು ಎಷ್ಟು ದುಂಡಗಿದ್ದರೂ ಉಪಯೋಗ ಇಲ್ಲ.

"ಓದಿ ಸೈನ್ ಹಾಕಬಹುದಿತ್ತಲ್ವಾ?" ನ್ಯಾಯವಾದ ಪ್ರಶ್ನೆ. ಅದೇ 19ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ: ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ನಿಜ ತಿಳಿಯುತ್ತಿತ್ತು ಅಂತಾದರೆ, ತಪ್ಪು ನಿರೂಪಣೆಯ ನೆಪ ಹೇಳಿ ಹೊರಬರೋ ಹಾಗಿಲ್ಲ. ಆದರೆ ಬೇಕಂತಲೇ ಹೇಳಿದ ಸುಳ್ಳಿಗೆ ಈ ರಕ್ಷಣೆ ಸಿಗೋದಿಲ್ಲ. ಈ ವ್ಯತ್ಯಾಸ ನನಗೆ ಬಹಳ ಮುಖ್ಯ ಅನ್ಸುತ್ತೆ. ನಾನು ಉದಾಸೀನದಿಂದ ಓದಲಿಲ್ಲ ಅಂದರೆ ಅದು ನನ್ನ ಭಾರ. ಸಂಗೀತ, ಗಿಫ್ಟು, "ಇವತ್ತೇ ಕೊನೇ ದಿನ" ಎಲ್ಲ ಸೇರಿಸಿ ನಾನು ಓದದಂತೆ ಏರ್ಪಾಡು ಮಾಡಿದವರು, ಆಮೇಲೆ ಬಂದು ಯಾಕೆ ಓದಲಿಲ್ಲ ಅಂತ ಕೇಳಬಾರದು. ದೀಪ ಆರಿಸಿದವನಿಗೆ ಎಡವಿದವನನ್ನು ಬೈಯುವ ಹಕ್ಕಿಲ್ಲ. ಯುರೋಪಿಯನ್ ಒಕ್ಕೂಟದ ಟೈಮ್‌ಶೇರ್ ನಿಯಮದಲ್ಲಿ ಸಹಿಯಾದ ಮೇಲೂ 14 ದಿನ, ಕಾರಣ ಕೊಡದೆ, ಹಿಂದೆ ಸರಿಯಬಹುದು. ಆ ದಿನಗಳಲ್ಲಿ ಮುಂಗಡ ತಗೊಳ್ಳೋ ಹಾಗೂ ಇಲ್ಲ. ಆ ಹಾಲ್‌ನಲ್ಲಿ ಮಾಡಿದ ತೀರ್ಮಾನ ಇನ್ನೂ ಪೂರ್ತಿ ತೀರ್ಮಾನ ಅಲ್ಲ ಅಂತ ಅಲ್ಲಿನ ಕಾನೂನೇ ಒಪ್ಪಿಕೊಂಡ ಹಾಗಾಯ್ತು.

ಇನ್ನೊಂದು ಸೂಕ್ಷ್ಮ ಇದೆ. ಆ ರಾತ್ರಿ ಮಾತು ಎರಡು ತುಂಡಾಯ್ತು. ರೂಮು ಕೊಡ್ತೇನೆ ಅನ್ನುವ ಮಾತು ರೆಸಾರ್ಟಿನವರ ಹತ್ತಿರ ಉಳೀತು, ದುಡ್ಡು ಕೊಡ್ತೇನೆ ಅನ್ನುವ ಮಾತು ಸಾಲ ಕೊಟ್ಟವರ ಕೈ ಸೇರಿತು. ಈಗ ಕೋರ್ಟಿಗೆ ಬಂದಿರೋದು ಎರಡನೇ ತುಂಡು ಮಾತ್ರ. "ರೂಮಿನ ವಿಷಯ ನಮಗೆ ಗೊತ್ತಿಲ್ಲ, ಸಾಲ ಕೊಟ್ಟಿದ್ದೇವೆ, ವಾಪಸ್ ಕೊಡಿ" ಅಂತಾರೆ ಅವರು. ಬ್ರಿಟನ್ನಿನಲ್ಲಿ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಇಂಥ ಕಡೆ ಸಾಲ ಕೊಟ್ಟವನನ್ನೂ ಮಾರಿದವನ ಜೊತೆ ಹೊಣೆ ಮಾಡುತ್ತೆ. ಟೈಮ್‌ಶೇರನ್ನು ಹೂಡಿಕೆ ಅಂತ ಮಾರಿದ ಪ್ರಕರಣಗಳಲ್ಲಿ ಗ್ರಾಹಕರ ಪರ ಬಂದ ಒಂಬುಡ್ಸ್‌ಮನ್ ತೀರ್ಮಾನವನ್ನು ಪ್ರಶ್ನಿಸಿದ ಎರಡು ಸಾಲ ಸಂಸ್ಥೆಗಳು 2023ರಲ್ಲಿ ಅಲ್ಲಿನ ಹೈಕೋರ್ಟಿನಲ್ಲಿ ಸೋತವು. ನಮ್ಮಲ್ಲಿ ಅಷ್ಟು ನೇರವಾದ ಸೆಕ್ಷನ್ ಇಲ್ಲ. ಹಾಗಾಗಿ ಕೆಲಸ ಎರಡು ಕಡೆ: ಡಿಕ್ರಿ ಕೊಟ್ಟ ಕೋರ್ಟಿನಲ್ಲಿ ಒಂದು ಅರ್ಜಿ, ಮಾರಿದವರ ವಿರುದ್ಧ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಒಂದು ದೂರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಂಟ್ವಾಳದವರಾದರೆ ಮಂಗಳೂರು ಸಾಕು. ಕೊಟ್ಟ ಹಣ 5 ಲಕ್ಷದವರೆಗಾದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಕಾಲಮಿತಿ 2 ವರ್ಷ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದರೂ ಗ್ರಾಹಕರು ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿಯಾಗಿದೆ. ಒಂದೇ ಕಡೆಗೆ ವಾಲಿದ ಷರತ್ತುಗಳು ಅನುಚಿತ ವ್ಯಾಪಾರ ಪದ್ಧತಿ ಅಂತ 2019ರಲ್ಲಿ ಮನೆ ಕೊಳ್ಳುವವರ ಪ್ರಕರಣವೊಂದರಲ್ಲಿ ಹೇಳಿದೆ.

ಮಾತು ತುಂಡಾಗುವ ಈ ರೋಗ ನಮ್ಮ ಜಿಲ್ಲೆಗೆ ಎಷ್ಟು ಹೊಸದು ಅಂತ ಯೋಚಿಸಿ. ಬ್ಯಾಂಕುಗಳ ತೊಟ್ಟಿಲು ಅಂತ ಹೆಸರಾದ ನೆಲ ಇದು. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ತಂತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ತಗೊಂಡು ಹೋಗ್ತಿದ್ದ. ಆ ಏಜೆಂಟನ ಮಾತನ್ನು ಜನ ನಂಬಿದ್ದು ಸುಮ್ಮನೆ ಅಲ್ಲ. ಇವತ್ತು ಸುಳ್ಳು ಹೇಳಿದರೆ ನಾಳೆ ಅದೇ ಬಾಗಿಲಿಗೆ ಅವನು ಮತ್ತೆ ಬರಬೇಕಿತ್ತು. ಹೋಟೆಲ್ ಹಾಲಿನ ಹುಡುಗ ನಮಗೆ 25 ವರ್ಷದ ಮಾತು ಕೊಡ್ತಾನೆ. ಮರುದಿನ ಅವನ ನಂಬರೂ ಸಿಗೋದಿಲ್ಲ.

ಹಾಗಂತ ಸಾಲ ಕೊಡಬೇಕಾದವರೆಲ್ಲ ಮೋಸಹೋದವರಲ್ಲ. ನಾಲ್ಕು ವರ್ಷ ಮಡಿಕೇರಿ, ಊಟಿ ಅಂತ ಚೆನ್ನಾಗಿ ಸುತ್ತಿ ಬಂದು, ಕೆಲಸ ಹೋದ ಮೇಲೆ "ನನಗೆ ಸುಳ್ಳು ಹೇಳಿ ಮಾರಿದರು" ಅಂದರೆ ಅದು ಬೇರೆಯೇ ಕತೆ. ಆಗ ಕೇಳಬೇಕಾದ್ದು ಕಂತಿಗೆ ಸಮಯ. ಹಾಗೆ ಸುಳ್ಳು ಹೇಳುವ ಒಬ್ಬೊಬ್ಬನಿಂದಲೂ ನಿಜವಾಗಿ ಮೋಸಹೋದವನ ಮಾತಿಗೆ ಬೆಲೆ ಕಮ್ಮಿಯಾಗುತ್ತೆ. ನನ್ನ ಮಟ್ಟಿಗೆ ಪರೀಕ್ಷೆ ಸರಳ. ಅರ್ಜಿಯ ಜೊತೆ ಕೊಡುವ ಅಫಿಡವಿಟ್ ಅಂದರೆ ಪ್ರಮಾಣ. ಅದರಲ್ಲಿ ಬರೆದ ಪ್ರತಿ ಸಾಲನ್ನೂ ಮಂಜುನಾಥನ ಎದುರು ನಿಂತು ಅಷ್ಟೇ ಧೈರ್ಯದಲ್ಲಿ ಹೇಳೋಕಾಗುತ್ತಾ? ಉಪಯೋಗಿಸಿದ ದಿನಗಳನ್ನು ಮುಚ್ಚಿಡದೆ, ಕೊಡಬೇಕಾದಷ್ಟು ಕೊಡ್ತೇನೆ ಅನ್ನೋಕಾಗುತ್ತಾ? ಹೌದು ಅಂತಾದರೆ ತೀರ್ಪನ್ನು ಪ್ರಶ್ನಿಸುವುದರಿಂದ ನಿಮ್ಮ ಮಾತು ಹೋಗೋದಿಲ್ಲ. ತುಂಡಾದ ಮಾತಿನ ಎರಡೂ ಭಾಗವನ್ನು ನ್ಯಾಯಾಧೀಶರ ಮೇಜಿನ ಮೇಲೆ ಜೋಡಿಸಿ ಇಡ್ತಿದ್ದೀರಿ ಅಷ್ಟೇ.

ಇಷ್ಟು ಗೊತ್ತಿದ್ದರೂ ಹೆಚ್ಚಿನವರು ಸುಮ್ಮನೆ ಕಟ್ಟಿ ಮುಗಿಸೋದು ಮರ್ಯಾದೆಗೆ ಹೆದರಿ. ಹರಿಶ್ಚಂದ್ರನ ಬೆನ್ನು ಹತ್ತಿದ ನಕ್ಷತ್ರಿಕನ ಹಾಗೆ ದಿನಕ್ಕೆ ಹತ್ತು ಸಲ ಫೋನ್ ಮಾಡುವ ವಸೂಲಿಯವರು, "ಊರಿಗೆ ಅಮೀನ ಬರ್ತಾನೆ, ಜೈಲಿಗೆ ಹಾಕಿಸ್ತೇವೆ" ಅನ್ನುವ ಬೆದರಿಕೆ. ಆ ಹೆದರಿಕೆಯ ಅಳತೆ ಎಷ್ಟು ಅಂತ ತಿಳಿದಿರಲಿ. ಇಂಥ ಡಿಕ್ರಿಗೆ ಸಂಬಳ ಜಪ್ತಿ ಮಾಡುವಾಗ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನು ಮುಟ್ಟೋ ಹಾಗಿಲ್ಲ. ಕೊಡುವ ಶಕ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸಾಲಗಾರನನ್ನು ಜೈಲಿಗೆ ಕಳಿಸೋ ಹಾಗಿಲ್ಲ ಅಂತ 1980ರಲ್ಲೇ, ಪಕ್ಕದ ಕೇರಳದಿಂದ ಹೋದ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದಿದ್ದಾರೆ. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿ ತನ್ನ ಹೆಸರಲ್ಲಿಟ್ಟುಕೊಂಡ ಮನೆ ಮಗನ ಸಾಲಕ್ಕೆ ಜಪ್ತಿಯಾಗುವುದಿಲ್ಲ.

ಎಲ್ಲರೂ ಹೋರಾಡಲೇಬೇಕು ಅಂತ ನಾನು ಹೇಳೋದಿಲ್ಲ. ಸಣ್ಣ ಮಗು, ಬೆಂಗಳೂರಿನ ಬಾಡಿಗೆ, ದೂರದ ಕೋರ್ಟಿಗೆ ಓಡಾಟ ಇವೆಲ್ಲ ನಿಜವಾದ ಕಷ್ಟಗಳೇ. ಲೋಕ ಅದಾಲತ್ತಿನಲ್ಲಿ ಕೂತು ರಾಜಿ ಮಾಡಿಕೊಂಡವರನ್ನು ಹೇಡಿ ಅನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ರಾಜಿ ಲೆಕ್ಕ ಹಾಕಿ ಮಾಡಿದ್ದಾಗಿರಬೇಕು. "ನಾಲ್ಕು ಜನ ಏನಂತಾರೆ" ಅಂತ ಬಾಯಿ ಮುಚ್ಚಿ ಕಟ್ಟಿದ ದುಡ್ಡು ಮುಂದಿನ ಶನಿವಾರದ ಹಾಲಿನ ಬಾಡಿಗೆಗೂ ಹೋಗುತ್ತೆ. ಅಲ್ಲಿ ಬೇರೆ ಯಾರೋ ಇಬ್ಬರು ಗಿಫ್ಟ್ ಕೂಪನ್ ಹಿಡ್ಕೊಂಡು ಕೂತಿರ್ತಾರೆ.

ನೋಟಿಸು ಬಂದಿದ್ದರೆ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ವಕೀಲರೊಬ್ಬರನ್ನು ಹಿಡಿದು ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ವಿಷಯ ನಿಮಗೆ ಗೊತ್ತಾದ ದಿನಾಂಕವನ್ನು ಒಂದು ಕಾಗದದಲ್ಲಿ ಬರೆದಿಡಿ. 30 ದಿನ ಅನ್ನೋದು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯುತ್ತೆ.